ಒಂದು ನಿಮಿಷದ ಗರಗರ ಸದ್ದು

ಜಿಂಕ್ ಶೀಟಿನ ಮೇಲೆ ಮಳೆ ಸುರಿದಂಥ ಸದ್ದು. ಗಮನವಿಟ್ಟು ಕೇಳಿದರೆ ಒಳಗೊಂದು ಬಡಿತ, ಸೆಕೆಂಡಿಗೆ ಒಂಬತ್ತಕ್ಕೆ ಚೂರು ಮೇಲೆ. ಇಂಟರ್‌ನೆಟ್ ಮೂಲಕ ಕೇಳಬಹುದಾದ ಯುರೋಪಿನ ಒಂದು ಕಿವಿ ಎಸ್‌ಡಿಆರ್ ರೇಡಿಯೊದಲ್ಲಿ ಸಂಜೆ ಸಿಕ್ಕ ಸಿಗ್ನಲ್ ಇದು. ಯಾವ ಮೋಡೆಮ್‌ನದು (ಡೇಟಾವನ್ನು ಸದ್ದಾಗಿಸಿ ಕಳಿಸುವ ಸಾಧನ) ಎಂದು ಪತ್ತೆಮಾಡಬೇಕಿತ್ತು. (ದೂರದ ರೇಡಿಯೊ ಕೇಳಿಸುವ ಪೆಟ್ಟಿಗೆಗೆ 'ಕಿವಿ' ಎಂಬ ಹೆಸರು ಕನ್ನಡದವರಿಗಾಗಿಯೇ ಇಟ್ಟಂತಿದೆ.)

ಇಂಥ ಕೆಲಸ ಹೆಚ್ಚಾಗಿ ರೆಕಾರ್ಡಿಂಗ್‌ನಲ್ಲೇ ಕೆಡುತ್ತದೆ. ಮಾತಿಗೆಂದು ಇಟ್ಟ 2.4 ಕಿಲೋಹರ್ಟ್ಸ್ ಫಿಲ್ಟರ್ ಸಿಗ್ನಲ್‌ನ ಎರಡೂ ಅಂಚು ಕತ್ತರಿಸಿತ್ತು. ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ಮೋಡ್‌ನಲ್ಲಿ ಅದನ್ನು 300ರಿಂದ 3300 ಹರ್ಟ್ಸ್‌ವರೆಗೆ ಅಗಲಿಸಿ, ನಾಯ್ಸ್ ಬ್ಲ್ಯಾಂಕರ್ ಆರಿಸಿ, ಸದ್ದಿನ ಮಟ್ಟವನ್ನು ತಾನಾಗಿ ಏರಿಳಿಸುವ ಎಜಿಸಿ ಬಿಟ್ಟು ಗೇನ್ ಕೈಯಲ್ಲೇ ಹೊಂದಿಸಿ ಮತ್ತೆ ಹಿಡಿಯಬೇಕಾಯಿತು. ಫೈಲು ವೇವ್ ಆಗಿರಬೇಕು. ಎಂಪಿ3 ಕಿವಿಗೆ ಮೋಸ ಮಾಡುವಷ್ಟು ಚೆನ್ನಾಗಿ ಫೇಸ್ (ಅಲೆಯ ಏರಿಳಿತದ ಹಂತ, ಮಾಹಿತಿ ಅಡಗಿರುವುದು ಅದರಲ್ಲೇ) ಹಾಳುಮಾಡುತ್ತದೆ.

ಸ್ಪೆಕ್ಟ್ರಮ್‌ನಲ್ಲಿ 1800 ಹರ್ಟ್ಸ್ ಸುತ್ತ ಒಂದು ಚಪ್ಪಟೆ ದಿಬ್ಬ, ಅಷ್ಟೇ. ಸಿಗ್ನಲ್ ಎಷ್ಟು ಫೇಸ್‌ಗಳನ್ನು ಬಳಸುತ್ತಿದೆ ಎಂದು ತಿಳಿಯಲು ಸಿಗ್ನಲನ್ನು ಎಂಟನೇ ಘಾತಕ್ಕೆ ಏರಿಸುವುದು ರೂಢಿ. ಆದರೆ 1800ರ ಎಂಟು ಪಟ್ಟು 14,400; ಸೆಕೆಂಡಿಗೆ 12,000 ಸ್ಯಾಂಪಲ್‌ಗಳ ಫೈಲಿನಲ್ಲಿ ಆ ಗೆರೆ ಮಡಚಿಕೊಂಡು ಎಲ್ಲೋ ತಪ್ಪು ಜಾಗದಲ್ಲಿ ಕಾಣಿಸುತ್ತದೆ. ಮೊದಲು 48,000ಕ್ಕೆ ರೀಸ್ಯಾಂಪಲ್ ಮಾಡಿದ ಮೇಲೆ 14,400ರಲ್ಲಿ ನಡುಗೆರೆ, ಆಚೀಚೆ 2400 ಅಂತರದಲ್ಲಿ ಪಕ್ಕದ ಗೆರೆಗಳು ಎದ್ದವು: 8ಪಿಎಸ್‌ಕೆ (ಎಂಟು ಫೇಸ್‌ಗಳ ಸಿಗ್ನಲ್), 2400 ಬಾಡ್, ಅಂದರೆ ಸೆಕೆಂಡಿಗೆ 2400 ಸಿಂಬಲ್.

ಇಷ್ಟರಿಂದ ಹೆಸರು ಹೇಳಲಾಗದು, ಈ ಮೈಕಟ್ಟಿನ ಮೋಡೆಮ್‌ಗಳು ಹಲವು. ಆಟೋಕೋರಿಲೇಶನ್, ಅಂದರೆ ಸಿಗ್ನಲ್ ಎಷ್ಟು ಹೊತ್ತಿಗೊಮ್ಮೆ ತನ್ನನ್ನೇ ಹೋಲುತ್ತದೆ ಎಂದು ನೋಡಬೇಕು. 66.67 ಅಥವಾ 200 ಮಿಲಿಸೆಕೆಂಡಿಗೆ ಶಿಖರ ಬಂದಿದ್ದರೆ ಅಮೆರಿಕದ ಸೇನಾ ಮೋಡೆಮ್ ಮಾನಕ ಮಿಲ್-ಸ್ಟ್ಯಾಂಡರ್ಡ್ 188-110ಎ ಎನ್ನಬಹುದಿತ್ತು. ಇಲ್ಲಿ ಬಂದದ್ದು 106.67ಕ್ಕೆ, ಅಂದರೆ 256 ಸಿಂಬಲ್‌ಗಳ ಫ್ರೇಮ್. ಕೇಳಿದ ಬಡಿತವೂ ಅದೇ. ಇದು ನೇಟೊದ ಮೋಡೆಮ್ ಮಾನಕ ಸ್ಟ್ಯಾನಾಗ್ 4285: ಮೊದಲು 80 ಸಿಂಬಲ್‌ಗಳ ಸಿಂಕ್, ಆಮೇಲೆ 32ರ ನಾಲ್ಕು ಡೇಟಾ ತುಂಡುಗಳು, ಅವುಗಳ ನಡುವೆ 16ರ ಮೂರು ರೆಫರೆನ್ಸ್ ತುಂಡುಗಳು. ಸಿಂಬಲ್‌ಗಳನ್ನು ಸಾಲಿಗೆ 256ರಂತೆ ಒಂದರ ಕೆಳಗೊಂದು ಚಿತ್ರವಾಗಿ ಹಾಸಿದರೆ ಸಿಂಕ್ ಪಟ್ಟೆ ನೆಟ್ಟಗೆ ನಿಲ್ಲಬೇಕು. ಪಟ್ಟೆ ಓರೆಯಾದರೆ ಗಡಿಯಾರದ ದೋಷ: 100 ಪಿಪಿಎಂ (ಹತ್ತು ಲಕ್ಷಕ್ಕೆ ನೂರು) ತಪ್ಪಿದರೂ ನಿಮಿಷಕ್ಕೆ 14 ಸಿಂಬಲ್ ಜಾರುತ್ತದೆ. ಥಟ್ಟನೆ ಜಿಗಿದರೆ ಇಂಟರ್‌ನೆಟ್ ನಡುವೆ ಸ್ಯಾಂಪಲ್ ನುಂಗಿದೆ ಎಂದರ್ಥ.

ಮುಂದಿನದು ತಲೆನೋವು. 188-110ಎ ತನ್ನ ವೇಗ, ಇಂಟರ್‌ಲೀವರ್ (ಬಿಟ್‌ಗಳ ಕ್ರಮ ಕದಡುವ ವಿಧಾನ) ಎರಡನ್ನೂ ಆರಂಭದಲ್ಲೇ ಹೇಳಿಬಿಡುತ್ತದೆ. 4285 ಬಾಯಿ ಬಿಡುವುದಿಲ್ಲ. ಸಿಂಬಲ್‌ಗಳನ್ನು ಕಲಸುವ ಸ್ಕ್ರ್ಯಾಂಬ್ಲರ್‌ನಿಂದಾಗಿ ವೇಗ 75 ಬಿಪಿಎಸ್ (ಸೆಕೆಂಡಿಗೆ ಬಿಟ್) ಆದರೂ 2400 ಆದರೂ ಗಾಳಿಯಲ್ಲಿ ಕಾಣುವುದು ಎಂಟು ಫೇಸ್‌ಗಳ ಅದೇ ಎಂಟು ಚುಕ್ಕಿ. ಆರು ವೇಗ, ಎರಡು ಇಂಟರ್‌ಲೀವರ್, ಹನ್ನೆರಡು ಪ್ರಯತ್ನ. ಉದ್ದದ ಇಂಟರ್‌ಲೀವರ್ 10.24 ಸೆಕೆಂಡಿನದು, ಹಾಗಾಗಿ ಪ್ರತಿ ಆಯ್ಕೆಗೂ ಅರ್ಧ ನಿಮಿಷವಾದರೂ ಕಾಯದೆ ತೀರ್ಪು ಕೊಡಬಾರದು. ತಪ್ಪು ಆಯ್ಕೆಯೂ ಬಿಟ್‌ಗಳನ್ನು ಸುರಿಸುತ್ತದೆ, ಮೋಸ ಇರುವುದೇ ಅಲ್ಲಿ. ತಪ್ಪು ತಿದ್ದುವ ವಿಟರ್ಬಿ ಡಿಕೋಡರ್ ಎಣಿಸಿದ ದೋಷ ಕುಸಿದದ್ದು 300 ಬಿಪಿಎಸ್, ಉದ್ದ ಎಂಬಲ್ಲಿ ಮಾತ್ರ.

ಬಿಟ್‌ಗಳನ್ನು ಏಳರ ಅಗಲಕ್ಕೆ ಜೋಡಿಸಿ ನೋಡಿದ್ದಾಯಿತು. ಐದು ಬಿಟ್‌ನ ಟೆಲಿಪ್ರಿಂಟರ್ ಅಕ್ಷರಗಳಾಗಿದ್ದರೆ ಸ್ಟಾರ್ಟ್, ಸ್ಟಾಪ್ ಎರಡು ಕಂಬ ನಿಲ್ಲುತ್ತಿದ್ದವು. ಇಲ್ಲಿ ಬರೀ ಮರಳು. ಗೂಢಲಿಪಿ ಯಂತ್ರದ ಗುರುತು ಸಿಗುವುದು ಪ್ರಸಾರದ ತಲೆಭಾಗದಲ್ಲಿ: ಕೆಜಿ-84 ಬಗೆಯದಾದರೆ 64 ಬಿಟ್‌ಗಳ ಸಿಂಕ್, ಬೆನ್ನಿಗೇ ಎರಡು ಸಲ ಬರುವ ಸಂದೇಶ ಸೂಚಕ. ನಡುವಿನಿಂದ ಹಿಡಿದ ಒಂದು ನಿಮಿಷದಲ್ಲಿ ಅದಿರಲಿಲ್ಲ. ಒಳಗಿನ ಮಾತು ಕೀಲಿಯಿಲ್ಲದೆ ತೆರೆಯದು, ಅದರ ಹಿಂದೆ ಬೀಳುವುದು ವ್ಯರ್ಥ. ಕಳಿಸುವವರು ಯಾರು? ಫ್ರೆಂಚ್ ನೌಕಾಪಡೆ ಈ ಮೋಡೆಮ್ ಬಳಸುವುದು ಗೊತ್ತಿರುವ ವಿಷಯ, ಆದರೆ ಮೋಡೆಮ್ ನೋಡಿ ದೇಶ ಹೇಳುವುದು ಚಪ್ಪಲಿ ನೋಡಿ ಊರು ಹೇಳಿದಂತೆ.

ನೋಟ್‌ಬುಕ್ಕಿಗೆ ಹೋದದ್ದು ಇಷ್ಟು: ಸ್ಟ್ಯಾನಾಗ್ 4285, 300 ಬಿಪಿಎಸ್, ಉದ್ದ, ಕಂಬವಿಲ್ಲ, ತಲೆಭಾಗ ಬೇಕು. ರೆಕಾರ್ಡರ್ ಅದೇ ಫ್ರೀಕ್ವೆನ್ಸಿಯಲ್ಲಿ ಓಡುತ್ತಿದೆ.