ಇಳಕಲ್ ಸೀರೆ ಗುಂಪು: ಶ್ರಾವಣದ ಕೆಲಸ

ಪಂಚಮಿ ಗದ್ದಲ ಮುಗಿದು ಈಗ ಬರೆಯಲು ಬಿಡುವು ಸಿಕ್ಕಿದೆ. ಇಳಕಲ್ ಸೀರೆ ಮಾರುವ ನಮ್ಮ ಅಂಗಡಿಯ ವಾಟ್ಸಾಪ್ ಗುಂಪಿನಲ್ಲಿ ಈ ಸಲ ಒಂದು ಬದಲಾವಣೆ ಮಾಡಿದೆ. ಸೀರೆ ಫೋಟೊ, ಕೆಳಗೆ ದರ ಹಾಕುವುದು ವಾರಕ್ಕೆ ಒಂದೇ ದಿನ. ಉಳಿದ ದಿನ ಬರೀ ಮಗ್ಗದ ಮಾತು.

ಮೊದಲು ಹಾಕಿದ್ದು ಟೋಪ ತೆನಿ ಎನ್ನುವ ಇಳಕಲ್ ಸೆರಗಿನ ವಿಡಿಯೊ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದಕ್ಕೆ ಹಾಕುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಗಾಗಿ ಒಂದೊಂದು ಸೀರೆಗೂ ಈ ಜೋಡಣೆ ಹೊಸದಾಗಿ ಆಗಬೇಕು. ನೇಕಾರರ ಮನೆಯ ಹೆಂಗಸರು ಕೂತು ಕೊಂಡಿ ಹಾಕುವುದನ್ನು ನೋಡಿದ ಮೇಲೆ ‘ಸ್ವಲ್ಪ ಕಡಿಮೆ ಮಾಡಿ ಅಕ್ಕಾ’ ಎನ್ನುವ ಮೆಸೇಜು ತುಂಬಾ ಕಡಿಮೆಯಾದವು. ದರ ಯಾಕೆ ಅಷ್ಟು ಅಂತ ನಾನು ಹೇಳಬೇಕಾಗಲಿಲ್ಲ. ಹಳೇ ಸದಸ್ಯರೇ ಹೊಸಬರಿಗೆ ಹೇಳುತ್ತಿದ್ದರು.

ಆಮೇಲೆ ಶುರುವಾಯಿತು ನೋಡಿ, ಅಜ್ಜಿ ಸೀರೆಗಳ ಮೆರವಣಿಗೆ! ಪೆಟ್ಟಿಗೆಯ ತಳದಲ್ಲಿದ್ದ ಸೀರೆ ತೆಗೆದು ಫೋಟೊ ಹಾಕುವುದು, ‘ಇದು ಯಾವ ದಡಿ (ಅಂಚು)?’ ಅಂತ ಕೇಳುವುದು. ಗೋಮಿಯೋ ಚಿಕ್ಕಿ ಪರಾಸೋ ಅಂತ ನೇಕಾರ ಕಾಕಾ ಮಗ್ಗದಿಂದಲೇ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಸೊಲ್ಲಾಪುರದ ಒಬ್ಬರು ತಮ್ಮ ಮನೆಯಲ್ಲಿ ಇದಕ್ಕೆ ‘ಇರ್ಕಲ್’ ಅಂತಾರೆ ಎಂದು ಬರೆದರು. ಈಗ ಅವರ ಬಳಗದವರೂ ಗುಂಪಿಗೆ ಬಂದಿದ್ದಾರೆ. ಜಾಹೀರಾತಿಗೆ ದುಡ್ಡು ಕೊಟ್ಟಿದ್ದರೆ ಇಂಥ ಜನ ಸಿಗುತ್ತಿದ್ದರಾ? ನನಗಂತೂ ಅನುಮಾನ.

ಒಂದು ನಿಯಮ ಮಾತ್ರ ಬಿಗಿಯಾಗಿ ಇಟ್ಟಿದ್ದೇನೆ. ದಡಿ, ಸೆರಗು ಚಮಕದ್ದಾದರೆ (ಅಂದರೆ ಕೃತಕ ರೇಷ್ಮೆಯದ್ದಾದರೆ) ಚಮಕ ಅಂತಲೇ ಬರೆಯಬೇಕು, ರೇಷ್ಮೆಯಾದರೆ ಮಾತ್ರ ರೇಷ್ಮೆ. ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದು ಅಂತ ಹೇಳಬಾರದು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಅದು ದೊಡ್ಡ ಮಾತೇ. ಆದರೆ ಮುಖ ನೋಡದವರು ನಮಗೆ ಮುಂಗಡ ದುಡ್ಡು ಕಳಿಸಬೇಕಾದರೆ ನಮ್ಮ ಮಾತಿನ ಮೇಲೂ ನಂಬಿಕೆ ಬೇಕು, ಅಲ್ವಾ? ಒಬ್ಬ ತಂಗಿ ಚಮಕದ ಸೀರೆ ಅಂತ ಗೊತ್ತಿದ್ದೇ ತೆಗೆದುಕೊಂಡಳು. ಮುಂದಿನ ಸಲ ಅವಳ ಅತ್ತೆಗೆ ರೇಷ್ಮೆ ಸೆರಗಿನದೇ ಬೇಕಾಯಿತು, ನಮ್ಮಲ್ಲಿಗೇ ಬಂದಳು.

ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನಕ್ಕೆ ಇಳಕಲ್‌ನಿಂದಲೇ ವಿಡಿಯೊ ಕಾಲ್ ಮಾಡಿದೆವು. 1905ರಲ್ಲಿ ಅದೇ ದಿನ ಕಲ್ಕತ್ತೆಯಲ್ಲಿ ಸ್ವದೇಶಿ ಚಳವಳಿ ಶುರುವಾದ ನೆನಪಿಗೆ 2015ರಿಂದ ಈ ದಿನ ಆಚರಿಸುತ್ತಾರೆ. ನೆಟ್‌ವರ್ಕ್ ಆಗಾಗ ಕೈಕೊಟ್ಟರೂ ಯಾರೂ ಬಿಟ್ಟು ಹೋಗಲಿಲ್ಲ. ಕಾಕಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಓಡಿಸುವುದನ್ನು ಅಮೆರಿಕದಲ್ಲಿರುವ ಒಬ್ಬ ಅಕ್ಕ ಮಕ್ಕಳನ್ನು ಕೂರಿಸಿಕೊಂಡು ನೋಡಿದರು.

ಮುಂದಿನ ಕೆಲಸ: ಸೀರೆ ಜೊತೆ ಒಂದು ಚೀಟಿ. ನೇಕಾರರು ಒಪ್ಪಿದರೆ ಅವರ ಹೆಸರು, ದಡಿಯ ಹೆಸರು, ನೂಲಿನ ವಿವರ, ಒಗೆಯುವ ರೀತಿ. ನಮ್ಮ ಅಂಗಡಿ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ ಸಾಕು. ದಸರಾ ಆರ್ಡರ್‌ಗೆ ಬಣ್ಣ ಯಾವುದು ಅಂತ ಗುಂಪಿನವರೇ ಆರಿಸುತ್ತಿದ್ದಾರೆ. ದಾಳಿಂಬೆ ಕೆಂಪು ಮುಂದಿದೆ, ನವಿಲು ಹಸಿರು ಹಿಂದೆಯೇ ಇದೆ. ಭಾನುವಾರದೊಳಗೆ ಹೇಳಿದರೆ ನೂಲು ಬಣ್ಣಕ್ಕೆ ಕಳಿಸುತ್ತೇನೆ.