ಪುಟ್ಟನ ಮಸ್ಟಾಂಗ್‌ಗೆ 1,200 ಡಾಲರ್

11 ಅಕ್ಟೋಬರ್ 2024, ಶುಕ್ರವಾರ ರಾತ್ರಿ

1016. ಅಕ್ಕನ ಮಗ ಪುಟ್ಟನ ಕಾರಿನ ಹಿಂದಿನ ಟೈರ್ ಮೇಲಿದ್ದ ನಂಬರ್ ಇದು. ಅಂದರೆ 2016ರ 10ನೇ ವಾರ ತಯಾರಾದ ಟೈರ್. ಆಯುಧಪೂಜೆಗೆ ನಿಂಬೆಹಣ್ಣು ಇಡಲು ಬಗ್ಗಿದಾಗ ಕಣ್ಣಿಗೆ ಬಿತ್ತು. ಆಮೇಲೆ ಪೂಜೆಯಲ್ಲಿ ಮನಸ್ಸೇ ನಿಲ್ಲಲಿಲ್ಲ. ಟ್ರೆಡ್, ಅಂದರೆ ಟೈರಿನ ಗೀರು, ಇನ್ನೂ ಇದೆ, ನಿಜ. ಆದರೆ ರಬ್ಬರ್ ಗಟ್ಟಿಯಾಗಿದೆ. ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು. ಟ್ರೆಡ್ ಎಷ್ಟೇ ಇರಲಿ, ಆರು ವರ್ಷಕ್ಕೆ ಬದಲಾಯಿಸಿ ಅಂತ ಫೋರ್ಡ್ ಮ್ಯಾನ್ಯುವಲ್ಲೇ ಹೇಳುತ್ತದೆ.

ಪುಟ್ಟ ತನ್ನ ದುಡ್ಡಲ್ಲಿ ಕೊಂಡ ಮೊದಲ ಕಾರು. 2016ರ ಫೋರ್ಡ್ ಮಸ್ಟಾಂಗ್ ಜಿಟಿ, ಆರು ಗೇರಿನ ಮ್ಯಾನ್ಯುವಲ್. ಇಲ್ಲೇ ಮಿಶಿಗನ್‌ನ ಫ್ಲಾಟ್ ರಾಕ್ ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇದೆ. ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದಾಗ ಎಷ್ಟು ಲಕ್ಷಣವಾಗಿತ್ತು!

ಊಟ ಆದ ಮೇಲೆ ಲ್ಯಾಪ್‌ಟಾಪ್ ಹಿಡಿದು ಪಕ್ಕಕ್ಕೆ ಬಂದು ಕೂತ. “ಮಾಮ, 1,200 ಡಾಲರ್ ಎತ್ತಿಟ್ಟಿದ್ದೀನಿ. ಇಂಜಿನ್‌ಗೆ ಗಾಳಿ ಎಳೆಯೋ ಹೊಸ ಇನ್‌ಟೇಕ್ ಹಾಕಿಸಿ, ಪವರ್ ಜಾಸ್ತಿ ಆಗೋ ಹಾಗೆ ಇಂಜಿನ್ ಕಂಪ್ಯೂಟರ್ ಟ್ಯೂನ್ ಮಾಡಿಸೋಣ ಅಂತಿದ್ದೀನಿ. ನೀವೇನಂತೀರಿ?”

“ಸೆಕೆಂಡ್ ಗೇರಿಗೆ ಹಾಕಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಏನಾಗುತ್ತೆ?” ಅಂತ ಕೇಳಿದೆ.

“ಹಿಂದೆ ದಡದಡ ಅಂತ ಕುಣಿಯುತ್ತೆ.”

ಅದೇ ವೀಲ್ ಹಾಪ್, ಚಕ್ರದ ಕುಣಿತ. 2015ರಿಂದ ಮಸ್ಟಾಂಗ್‌ಗೆ ಹಿಂದುಗಡೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು, ಎರಡು ಚಕ್ರವೂ ತಮ್ಮ ಪಾಡಿಗೆ ಮೇಲೆ ಕೆಳಗೆ ಆಡುತ್ತವೆ. ಸಸ್ಪೆನ್ಷನ್ ಹೊತ್ತಿರುವ ಕಬ್ಬಿಣದ ಚೌಕಟ್ಟು, ಅಂದರೆ ಸಬ್‌ಫ್ರೇಮ್, ಬುಷ್ ಅನ್ನುವ ದೊಡ್ಡ ರಬ್ಬರ್ ದಿಂಬುಗಳ ಮೇಲೆ ಕೂತಿದೆ. ದಿನನಿತ್ಯದ ಓಡಾಟಕ್ಕೆ ಅದು ಹಿತ. ಜೋರಾಗಿ ಎಳೆದಾಗ ಮಾತ್ರ ಬುಷ್ ಅಲುಗಾಡುತ್ತದೆ. ಟೈರ್ ರಸ್ತೆಯನ್ನು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಆ ಹೊಡೆತವೆಲ್ಲ ಆಕ್ಸಲ್‌ಗೆ. ಬುಷ್ ಅಲುಗದ ಹಾಗೆ ಮಾಡುವ ಲಾಕ್‌ಔಟ್ ಕಿಟ್ ಇನ್ನೂರು ಡಾಲರ್ ಒಳಗೆ ಸಿಗುತ್ತದೆ. ಈ ಕಾರಿಗೆ ಅಷ್ಟು ಕಮ್ಮಿ ದುಡ್ಡಲ್ಲಿ ಅಷ್ಟು ವ್ಯತ್ಯಾಸ ತರುವ ವಸ್ತು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಪುಟ್ಟನಿಗೆ ಅದು ರುಚಿಸಲಿಲ್ಲ. ಕಾರಿನಡಿ ಹಾಕಿದ್ದು ಯಾರಿಗೂ ಕಾಣುವುದಿಲ್ಲ ಅಲ್ವಾ. ಹೊಗೆ ಕೊಳವೆಯ ಹಿಂಭಾಗ ಬದಲಾಯಿಸುವ ಕ್ಯಾಟ್‌ಬ್ಯಾಕ್ ಎಕ್ಸಾಸ್ಟ್ ಆದರೆ ಕೇಳುತ್ತಾದರೂ ಕೇಳುತ್ತದೆ. ಆ ಆಸೆ ನನಗೆ ಅರ್ಥವಾಗುತ್ತದೆ. ಆಗಸ್ಟ್‌ನಲ್ಲಿ ಹಳೇ ಕಾರುಗಳ ಮೆರವಣಿಗೆ ದಿನ ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂ ಪಕ್ಕ ನಿಂತು ಆ ವಿ8 ಇಂಜಿನ್‌ಗಳ ಸದ್ದು ಕೇಳಿದವರಿಗೆಲ್ಲ ಅರ್ಥವಾಗುತ್ತದೆ. ಆದರೆ ಅದರಿಂದ ಬರುವುದು ಸೌಂಡ್, ಪವರ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಬರೀ ಇನ್‌ಟೇಕ್ ಹಾಕಿದರೂ ಅಷ್ಟೇ. 93 ಆಕ್ಟೇನಿನ ಪ್ರೀಮಿಯಂ ಪೆಟ್ರೋಲ್ ಹಾಕಿ ಟ್ಯೂನ್ ಮಾಡಿಸಿದರೆ ಪವರ್ ಏನೋ ಬರುತ್ತದೆ. ಬಂದು ಸೇರುವುದು ಆ ಹಳೇ ಟೈರಿಗೇ ತಾನೇ? ಈಗಿರುವ 435 ಹಾರ್ಸ್‌ಪವರನ್ನೇ ಅವು ತಡೆಯುತ್ತಿಲ್ಲ.

“ಟೈರಿಗೆ ದುಡ್ಡು ಹಾಕಿದರೆ ಎಲ್ಲ ಅದಕ್ಕೇ ಹೋಗುತ್ತೆ ಮಾಮ. ಅದು ಅಪ್‌ಗ್ರೇಡ್ ಹೇಗಾಗುತ್ತೆ?”

ಆಗುತ್ತೆ ಪುಟ್ಟ. ಕಾರು ಓಡುವುದು, ತಿರುಗುವುದು, ನಿಲ್ಲುವುದು ಎಲ್ಲ ಅಂಗೈಯಗಲದ ಆ ನಾಲ್ಕು ಜಾಗದ ಮೇಲೆ. ಒಳ್ಳೇ ಬ್ರೇಕ್ ಪ್ಯಾಡ್ ಇದ್ದರೂ ಟೈರ್ ಹಿಡಿಯದಿದ್ದರೆ ಎಬಿಎಸ್ ಕಟಕಟ ಅನ್ನುತ್ತದೆ, ಗಾಡಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಸಮ್ಮರ್ ಟೈರ್ ಈಗ ಬೇಡ. 7 ಡಿಗ್ರಿಗಿಂತ ಕೆಳಗೆ ಹೋದರೆ ಅದರ ರಬ್ಬರ್ ಹಿಡಿತ ಬಿಡುತ್ತದೆ. ಅವನಿಗಿರುವುದು ಇದೊಂದೇ ಕಾರು. ಸದ್ಯಕ್ಕೆ ಒಳ್ಳೇ ಪರ್ಫಾರ್ಮೆನ್ಸ್ ಆಲ್‌ಸೀಸನ್ ಸಾಕು. ಹಿಮ ಶುರುವಾಗುವ ಹೊತ್ತಿಗೆ ವಿಂಟರ್ ಟೈರ್ ಮಾತು. ದುಡ್ಡು ಉಳಿದರೆ ಬ್ರೇಕ್ ಆಯಿಲ್ ಬದಲಾಯಿಸಲಿ. ಅದು ಸುಮ್ನೆ ಕೂತಲ್ಲೇ ನೀರಿನ ಪಸೆ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ಪಸೆ ಹಿಡಿದ ಮೇಲೆ 155ಕ್ಕೇ ಕುದಿಯಬಹುದು.

“ನೋಡೋಣ ಮಾಮ” ಅಂದ. ಅವರಮ್ಮನೂ ಹೀಗೇ, ನೋಡೋಣ ಅಂದರೆ ಇಲ್ಲ ಅಂತ.

ಈಗಷ್ಟೇ ಅಕ್ಕ ಮೈಸೂರಿನಿಂದ ಫೋನ್ ಮಾಡಿದ್ದಳು. ಅಲ್ಲಿ ಆಗಲೇ ಶನಿವಾರ, ಜಂಬೂಸವಾರಿ ದಿನ. ಹಿಂದೆ ಯಾರದೋ ರೇಡಿಯೋ, ಮಕ್ಕಳ ಗಲಾಟೆ. ಮನೆ ತುಂಬ ಜನ ಅಂತೆ. ಕೇಳುತ್ತಾ ಕೇಳುತ್ತಾ ಹೊಟ್ಟೆಯೊಳಗೆ ಏನೋ ಆಯಿತು. “ಗಾಡಿ ಚೆನ್ನಾಗಿದೆ ತಾನೇನೋ?” ಅಂತ ಕೇಳಿದಳು. ಚೆನ್ನಾಗಿದೆ ಅಕ್ಕ ಅಂದೆ. ಟೈರ್ ವಿಷಯ ಹೇಳಲಿಲ್ಲ.

ಮಿಶಿಗನ್‌ನಲ್ಲಿ ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಅನ್ನುವುದೂ ಇಲ್ಲ. ಇದ್ದಿದ್ದರೆ ಅವರಾದರೂ ಹೇಳುತ್ತಿದ್ದರು.

ಟೈರ್ ದುಡ್ಡು ಹಬ್ಬದ ಉಡುಗೊರೆ ಅಂತ ನಾನೇ ಕೊಟ್ಟುಬಿಡಲಾ? ಕೊಟ್ಟರೆ ಅವನ 1,200 ಸೀದಾ ಟ್ಯೂನ್‌ಗೆ ಹೋಗುತ್ತದೆ. ಹೋಗಲಿ ಬಿಡು, ಟೈರ್ ಇದ್ದರೆ ಆಯಿತು ಅಂತಲೂ ಅನ್ನಿಸುತ್ತದೆ. ಕೊಡದಿದ್ದರೆ ಸೋಮವಾರ ಬೆಳಿಗ್ಗೆ ಹಾಗೇ ಐ-75 ಹೆದ್ದಾರಿ ಹತ್ತುತ್ತಾನೆ. ಅವತ್ತು ಮಳೆ ಏನಾದರೂ ಬಂದರೆ