ಎಂಟು ಜನರ ಹಡಗು

ಕುಂದಾಪುರದ ಒಂದು ಮರದ ಮಿಲ್ಲಿನಲ್ಲಿ ನಾನು 31 ವರ್ಷ ಲೆಕ್ಕ ಬರೆದವನು. ದಿಮ್ಮಿ ಒಳಗೆ ಬಂದರೆ ಉದ್ದ, ಸುತ್ತಳತೆ. ಹಲಗೆ ಹೊರಗೆ ಹೋದರೆ ಘನ ಅಡಿ. ರಿಟೈರ್ ಆದ ಮೇಲೂ ಎಲ್ಲಾದರೂ ಒಳ್ಳೆ ಮರ ಕಂಡರೆ ಕೈ ತಾನಾಗಿ ಅದರ ಮೇಲೆ ಹೋಗುತ್ತದೆ.

2019ರ ಆಗಸ್ಟ್‌ನಲ್ಲಿ ಮಗಳ ಮನೆಗೆ, ಅಮೆರಿಕದ ಫ್ರೀಮಾಂಟ್‌ಗೆ ಹೋಗಿದ್ದೆ. ಒಂದು ಭಾನುವಾರ ಅವಳು ನನ್ನನ್ನು ಸ್ಯಾನ್ ಫ್ರಾನ್ಸಿಸ್ಕೊದ ಹೈಡ್ ಸ್ಟ್ರೀಟ್ ಪಿಯರ್‌ಗೆ ಕರೆದುಕೊಂಡು ಹೋದಳು. ಆಗಸ್ಟ್ ಆದರೂ ಮಂಜು, ಚಳಿಗಾಳಿ. ಸ್ವೆಟರ್ ಮೇಲೆ ಶಾಲು ಹೊದ್ದುಕೊಂಡೇ ನಡೆದೆ. ಅಲ್ಲಿ ಹಳೇ ಹಡಗುಗಳನ್ನು ಸಾಲಾಗಿ ಕಟ್ಟಿ ಇಟ್ಟಿದ್ದರು. ಎಲ್ಲರೂ ಮೊದಲು ಹತ್ತುತ್ತಿದ್ದುದು ಬಾಲ್ಕ್ಲೂಥಾಗೆ. 1886ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಕಟ್ಟಿದ ದೊಡ್ಡ ಉಕ್ಕಿನ ಹಡಗು. ನಾವೂ ಹತ್ತಿದೆವು, ಚೆಂದ ಇದೆ. ಆದರೆ ನನ್ನ ಕಣ್ಣು ಅದರಾಚೆ ನಿಂತಿದ್ದ, ಮೂರು ಕಂಬದ ಮರದ ಹಡಗಿನ ಮೇಲೇ ಇತ್ತು. ಸಿ. ಎ. ಥೇಯರ್ ಅದರ ಹೆಸರು. ಸ್ಕೂನರ್ ಅನ್ನುವ ಜಾತಿಯ ಹಾಯಿಹಡಗು.

ಬೋರ್ಡಿನ ಮುಂದೆ ನಿಂತು ಮಗಳು ಓದಿ ಹೇಳಿದಳು. 1895ರಲ್ಲಿ ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಕೊಲ್ಲಿಯ ದಡದಲ್ಲಿ, ಫೇರ್‌ಹೇವನ್ ಅನ್ನುವ ಜಾಗದಲ್ಲಿ ಕಟ್ಟಿದ್ದು. ಕಟ್ಟಿದವರು ಹಾನ್ಸ್ ಬೆಂಡಿಕ್ಸನ್, ಡೆನ್ಮಾರ್ಕ್‌ನಿಂದ ಬಂದವರು. ಕೆಲಸ ಏನು ಅಂದರೆ ನಾಟಾ ಸಾಗಿಸುವುದು! ಉತ್ತರದ ವಾಷಿಂಗ್ಟನ್ ಕರಾವಳಿಯ ಮಿಲ್ಲುಗಳಿಂದ ಸ್ಯಾನ್ ಫ್ರಾನ್ಸಿಸ್ಕೊಗೆ.

"ಒಂದು ಸಲಕ್ಕೆ 5,75,000 ಬೋರ್ಡ್ ಫೂಟ್ ಅಂತೆ ಅಪ್ಪಯ್ಯ. ಅಂದ್ರೆ ಎಷ್ಟು?"

ಬೋರ್ಡ್ ಫೂಟ್ ಅಂದರೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪ. ಅಂಥ 12 ಸೇರಿದರೆ ಒಂದು ಘನ ಅಡಿ. ಅಲ್ಲೇ ನಿಂತು ಮನಸ್ಸಿನಲ್ಲಿ ಭಾಗಿಸಿದೆ. ಹತ್ತಿರ ಹತ್ತಿರ 48,000 ಘನ ಅಡಿ. ನಮ್ಮ ಮಿಲ್ಲಿಗೆ ಬರುತ್ತಿದ್ದ ಲಾರಿಗೆ 400 ಘನ ಅಡಿ ಹಿಡಿದರೆ 120 ಲಾರಿ. ಲೆಕ್ಕ ತಪ್ಪಿತೇನೋ ಅಂತ ಇನ್ನೊಂದು ಸಲ ಮಾಡಿದೆ. ಸರಿಯಾಗಿಯೇ ಇತ್ತು. ಅರ್ಧ ಮರ ಹಡಗಿನ ಹೊಟ್ಟೆಯೊಳಗೆ, ಉಳಿದದ್ದು ಡೆಕ್ಕಿನ ಮೇಲೆ 10 ಅಡಿ ಎತ್ತರಕ್ಕೆ ಪೇರಿಸಿ, ಸರಪಳಿ ಬಿಗಿದು.

ಇದನ್ನು ನಡೆಸುತ್ತಿದ್ದವರು ಎಂಟೋ ಒಂಬತ್ತೋ ಜನ. ಪಕ್ಕದಲ್ಲೇ ನಿಂತಿದ್ದ ಬಾಲ್ಕ್ಲೂಥಾಗೆ 26 ಜನ ಬೇಕಿತ್ತು. ಯಾಕೆ ಅನ್ನುವುದು ಎರಡನ್ನೂ ಒಟ್ಟಿಗೆ ನೋಡಿದರೆ ಕಣ್ಣಿಗೇ ಗೊತ್ತಾಗುತ್ತದೆ. ಆ ದೊಡ್ಡ ಹಡಗಿನ ಪಟಗಳು ಅಡ್ಡಡ್ಡ. ಬಿಚ್ಚಲು, ಸುತ್ತಲು ಜನ ಕಂಬದ ತುದಿಗೆ ಹತ್ತಲೇಬೇಕು. ಸ್ಕೂನರ್‌ನ ಪಟಗಳು ಹಡಗಿನ ಉದ್ದಕ್ಕೆ ಇರುತ್ತವೆ. ಒಂದು ಅಂಚು ಕಂಬಕ್ಕೆ ಕಟ್ಟಿರುತ್ತದೆ, ಬಿಜಾಗರಿಗೆ ಬಾಗಿಲು ಸಿಕ್ಕಿಸಿದ ಹಾಗೆ. ಗಾಳಿ ಯಾವ ಕಡೆಯಿಂದ ಬಂದರೆ ಪಟ ಅದರ ಆಚೆ ಕಡೆಗೆ ತೆರೆದುಕೊಳ್ಳುತ್ತದೆ. ಏರಿಸುವುದು, ಇಳಿಸುವುದು, ಬಿಗಿ ಮಾಡುವುದು, ಸಡಿಲ ಬಿಡುವುದು ಎಲ್ಲವೂ ಕೆಳಗೆ ಡೆಕ್ಕಿನ ಮೇಲೆ ನಿಂತೇ. ದೊಡ್ಡ ಹಡಗುಗಳಿಗೆ ಇರುವ ಹಾಗೆ ಥೇಯರ್‌ಗೆ ಕಂಬದ ಮೇಲೆ ಇನ್ನೊಂದು ಕಂಬವೂ ಇಲ್ಲ. ಹತ್ತುವ ಕೆಲಸವೇ ಕಡಿಮೆ ಇರಲಿ ಅಂತ.

ಆ ಕರಾವಳಿಯಲ್ಲಿ ಗಾಳಿ ಜಾಸ್ತಿ ಬೀಸುವುದು ವಾಯವ್ಯದಿಂದ. ಮರ ಹೇರಿಕೊಂಡು ತೆಂಕಕ್ಕೆ ಬರುವಾಗ ಗಾಳಿ ಬೆನ್ನಿಗೆ. ಖಾಲಿ ಹಡಗು ವಾಪಸ್ ಬಡಗಕ್ಕೆ ಹೋಗುವಾಗ ಗಾಳಿ ಎದುರಿಗೆ. ಉದ್ದುದ್ದ ಪಟದ ಹಡಗಾದರೆ ಎದುರುಗಾಳಿಯಲ್ಲೂ ಓರೆ ಓರೆಯಾಗಿ ಮುಂದೆ ಸಾಗಬಹುದು. ಇನ್ನು ಖಾಲಿ ಹಡಗು ಮಗುಚದಿರಲು ಸಾಮಾನ್ಯವಾಗಿ ಕಲ್ಲೋ ಮರಳೋ ತುಂಬಬೇಕು. ಈ ಸ್ಕೂನರ್‌ಗಳ ತಳವನ್ನು ಅಗಲವಾಗಿ ಕಟ್ಟಿದ್ದರಿಂದ ಆ ಖರ್ಚೂ ಇಲ್ಲ. 156 ಅಡಿ ಉದ್ದಕ್ಕೆ 36 ಅಡಿ ಅಗಲ. ನೀರಲ್ಲಿ ಮುಳುಗುವ ಆಳವೂ ಹೆಚ್ಚಿಲ್ಲ, ಯಾಕೆಂದರೆ ಅಲ್ಲಿನ ಬಂದರುಗಳ ಬಾಯಲ್ಲಿ ಮರಳ ದಿಬ್ಬ. ಗಂಗೊಳ್ಳಿ ಅಳಿವೆಯಲ್ಲಿ ದೋಣಿ ದಾಟಿಸುವುದು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಊರು ಸೇರಿದ ಮೇಲೂ ಆ ಎಂಟು ಜನರಿಗೆ ಬಿಡುವಿರಲಿಲ್ಲ. ಮರ ಇಳಿಸುವುದೂ ಅವರೇ. ದಿನಕ್ಕೆ 75,000ದಿಂದ 80,000 ಬೋರ್ಡ್ ಫೂಟ್. ಅಂದರೆ ಒಂದು ಹಡಗು ಖಾಲಿಯಾಗಲು ಏಳೆಂಟು ದಿನ. ನಮ್ಮ ಮಿಲ್ಲಿನ ಹಮಾಲರ ಹೆಗಲು ನನಗೆ ನೆನಪಾಯಿತು. ಮಡಚಿದ ಗೋಣಿ ಹಾಕಿಕೊಂಡರೂ ಅಲ್ಲಿ ಚರ್ಮ ದಪ್ಪಗಟ್ಟಿ ಕಪ್ಪಾಗಿರುತ್ತಿತ್ತು. ಈ ನಾವಿಕರ ಹೆಗಲೂ ಹಾಗೇ ಇದ್ದಿರಬೇಕು.

ಮೆಟ್ಟಿಲಿಳಿದು ಹೊಟ್ಟೆಯೊಳಗೆ ಹೋದೆವು. ಒಳಗೆ ಅರೆಗತ್ತಲು. ಡಗ್ಲಸ್ ಫರ್ ಮರದ ಘಮ, ಅದರ ಜೊತೆ ಟಾರಿನ ವಾಸನೆ. ಪಕ್ಕೆಲುಬಿನ ಹಾಗೆ ಎರಡೂ ಕಡೆ ದಪ್ಪ ದಪ್ಪ ಮರ. ನಾನು ಅಂಗೈ ಊರಿ ನಿಂತೆ. ಎಳೆ ನೇರ, ಗಂಟು ಕಡಿಮೆ. ಹಲಗೆಯಲ್ಲಿ ಅಲ್ಲಲ್ಲಿ ದುಂಡಗೆ, ರೂಪಾಯಿಯಷ್ಟು ಅಗಲದ ಗುರುತು. ಮೊಳೆಯಲ್ಲ, ಮರದ ಗೂಟ. ನೀರಿಗೆ ಬಿದ್ದ ಮೇಲೆ ಗೂಟ ಉಬ್ಬಿ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಹೆಬ್ಬೆರಳಿನಿಂದ ಒಂದರ ಅಂಚು ಸವರಿದೆ. ಉಗುರು ಸಿಕ್ಕಿಕೊಳ್ಳುವಷ್ಟೂ ಸಂದು ಇರಲಿಲ್ಲ.

ಈ ಮರ ಬಹುಪಾಲು ಹೊಸದು. ವಯಸ್ಸಾಗಿ ಹಡಗಿನ ಎರಡೂ ತುದಿ ಕುಸಿದು, ಬೆನ್ನು ಬಾಗಿತ್ತಂತೆ. 2004ರಿಂದ 2007ರವರೆಗೆ ದಡಕ್ಕೆ ಹತ್ತಿಸಿ, ಹಳೆಯದೇ ಜಾತಿಯ, ಹಳೆಯದೇ ಅಳತೆಯ ಮರ ಹುಡುಕಿ ತಂದು ಮತ್ತೆ ಕಟ್ಟಿದರು. ಬೆಂಡಿಕ್ಸನ್ ಅವರೇ 1897ರಲ್ಲಿ ಕಟ್ಟಿದ್ದ ವವೋನಾ ಅನ್ನುವ ಸ್ಕೂನರ್ ಸಿಯಾಟಲ್‌ನಲ್ಲಿತ್ತು. ಅದಕ್ಕೆ ಈ ಭಾಗ್ಯ ಸಿಗಲಿಲ್ಲ. 2009ರಲ್ಲಿ ಒಡೆದು ಹಾಕಿದರು. ಮಗಳು ಫೋನಿನಲ್ಲಿ ಅದರ ಫೋಟೋ ತೋರಿಸಿದಾಗ ತುಂಬ ಬೇಜಾರಾಯಿತು.

ಥೇಯರ್‌ನ ಆಯಸ್ಸು ನಾಟಾ ಜೊತೆಗೇ ಮುಗಿಯಲಿಲ್ಲ. ಉಗಿ ಹಡಗುಗಳು ಬಂದವು, 1912ರಲ್ಲಿ ಬಿರುಗಾಳಿಗೆ ಸಿಕ್ಕಿ ಪೆಟ್ಟಾಯಿತು. ಆಮೇಲೆ ಅದು ಮೀನಿಗೆ ಹೋಯಿತು. ಏಪ್ರಿಲ್‌ನಲ್ಲಿ ಉಪ್ಪು, ದೋಣಿ, ಪೀಪಾಯಿಯ ಹಲಗೆ ತುಂಬಿಕೊಂಡು ಅಲಾಸ್ಕಾಕ್ಕೆ. ಸೆಪ್ಟೆಂಬರ್‌ನಲ್ಲಿ ಉಪ್ಪು ಹಾಕಿದ ಸಾಲ್ಮನ್ ಮೀನಿನೊಂದಿಗೆ ವಾಪಸ್. 1925ರಿಂದ ಬೇರಿಂಗ್ ಸಮುದ್ರದಲ್ಲಿ ಕಾಡ್ ಮೀನು. ಬೆಳಿಗ್ಗೆ ನಾಲ್ಕೂವರೆಗೆ ಒಬ್ಬೊಬ್ಬರೇ ಸಣ್ಣ ದೋಣಿ ಇಳಿಸಿ, ಕೈಗಾಳ ಹಾಕಿ ಹಿಡಿಯುತ್ತಿದ್ದರು. ನನ್ನ ಅಜ್ಜಿ ಮಳೆಗಾಲಕ್ಕೆ ಅಂತ ಭರಣಿಯಲ್ಲಿ ಒಂದು ಪದರ ಮೀನು, ಒಂದು ಪದರ ಉಪ್ಪು ಹಾಕಿ ಇಡುತ್ತಿದ್ದರು. ಅಷ್ಟು ದೂರದ ಹಡಗಿನ ಹೊಟ್ಟೆಯಲ್ಲೂ ಅದೇ ಕೆಲಸ. ಎರಡನೇ ಮಹಾಯುದ್ಧದಲ್ಲಿ ಸೈನ್ಯದವರು ಕಂಬ ಕಿತ್ತು, ಮದ್ದುಗುಂಡು ಇಡುವ ದೋಣಿ ಮಾಡಿಕೊಂಡರು. ಯುದ್ಧ ಮುಗಿದ ಮೇಲೆ ಹಳೇ ಮಾಲೀಕರೇ ಕೊಂಡು, ಮತ್ತೆ ಕಂಬ ನಿಲ್ಲಿಸಿ ಮೀನಿಗೆ ಕಳಿಸಿದರು. 1950ರಲ್ಲಿ ಕೊನೆಯ ಪ್ರಯಾಣ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಪಟ ಕಟ್ಟಿ ದುಡಿದ ಕಡೇ ಹಡಗು ಇದೇ.

"ಅಪ್ಪಯ್ಯ, ಹೋಪನಾ?" ಅಂತ ಮಗಳು ಎರಡು ಸಲ ಕೇಳಿದಳು. ಡೆಕ್ಕಿನ ಮೇಲೆ ಇನ್ನೊಂದು ಸುತ್ತು ಹಾಕಿ ಇಳಿದೆ. ನಮ್ಮ ಹಳಬರು ಹಡಗಿನ ಕಂಬಕ್ಕೆ ಕೂವೆ ಅನ್ನುತ್ತಿದ್ದರು. ಹೋಗುವ ಮುಂಚೆ ಮೂರೂ ಕೂವೆಗಳನ್ನು ಮುಟ್ಟಿದೆ. ತಬ್ಬಿದರೆ ಎರಡು ಕೈ ಕೂಡುತ್ತಿರಲಿಲ್ಲ.

ಮನೆ ಸೇರುವಾಗ ಕತ್ತಲಾಗಿತ್ತು. ಮಗಳ ಗರಾಜಿನ ಗೋಡೆಗೆ ಒಳಗಡೆ ಏನೂ ಬಡಿದಿಲ್ಲ, ಮರದ ಚೌಕಟ್ಟು ಹಾಗೇ ಕಾಣುತ್ತದೆ. ಎರಡು ವಾರದಿಂದ ಅದನ್ನು ದಿನಾ ನೋಡುತ್ತಿದ್ದೆ. ಅವತ್ತು ಸುಮ್ನೆ ಹತ್ತಿರ ಹೋಗಿ ಟಾರ್ಚ್ ಬಿಟ್ಟೆ. ಒಂದು ಮರದ ಮೇಲೆ ಮಿಲ್ಲಿನ ಮುದ್ರೆ ಇತ್ತು. ಮಸುಕಾಗಿತ್ತು, ಆದರೂ ಓದಲು ಬರುತ್ತಿತ್ತು: ಡಗ್ಲಸ್ ಫರ್. ಮಗಳಿಂದ ಟೇಪು ಇಸಕೊಂಡು ಅಳತೆ ತೆಗೆದು, ಉದ್ದ, ಅಗಲ, ದಪ್ಪ ಮೂರನ್ನೂ ಡೈರಿಯಲ್ಲಿ ಬರೆದೆ.